ಸೂರಿಗೊಂದು ಕಂದಾಯ, ನೆಲಕ್ಕೊಂದು ಕಂದಾಯ

ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಬೀದಿಯಿಂದ ಕಾದ ಮರಳಿನ ವಾಸನೆ ತೇಲಿ ಬಂತು. ಕಡಲೆಪುರಿ ಹುರಿಯುವವರ ಭಟ್ಟಿ ಇನ್ನೂ ಎಲ್ಲೋ ಉರಿಯುತ್ತಿದೆ ಅಂದುಕೊಂಡೆ. ಬೇರೆಯವರಿಗೆ ಆ ವಾಸನೆ ಬಾಯಲ್ಲಿ ನೀರೂರಿಸುತ್ತದೆ. ನನಗೆ ಮೈ ಉರಿಯುತ್ತದೆ. ಐವತ್ತು ವರ್ಷದ ಮೇಲಾಯಿತು. ಆ ಉರಿ ಆರಿಲ್ಲ, ಆರಲಿ ಎಂದು ನಾನು ಬಯಸಿದ್ದೂ ಇಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಮದುವೆಯಾಗಿ ಆ ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಊರಿನ ಹೆಸರು ಹೇಳುವುದಿಲ್ಲ. ಹಾಸನದ ಸುತ್ತಮುತ್ತಲ ತಾಲ್ಲೂಕು ಪಟ್ಟಣಗಳಲ್ಲಿ ಒಂದು ಅಂದರೆ ಸಾಕು. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಅಜ್ಜಂದಿರು ಮಾಡಿದ್ದಕ್ಕೆ ಅವರು ತಲೆತಗ್ಗಿಸಬೇಕಾಗಿಲ್ಲ.

ನಮ್ಮದು ಪೇಟೆ ಬೀದಿಯಲ್ಲಿ ಐದು ಅಂಕಣದ ನಾಡಹೆಂಚಿನ ಮನೆ. ಬೀದಿಯ ಕಡೆಗೆ ಪುರಿ ಅಂಗಡಿ, ಅದರ ಪಕ್ಕದಲ್ಲಿ ಭಟ್ಟಿ, ಹಿಂದೆ ನಾವು ಇರುವ ಜಾಗ. ಮಾವನವರು ಮಣ್ಣು ತುಳಿದು, ಗೋಡೆ ಇಟ್ಟು, ಸ್ವಂತ ಕೈಯಲ್ಲಿ ಕಟ್ಟಿದ್ದು. ಅವರು ತೀರಿಕೊಂಡ ಮೇಲೆ ಭಟ್ಟಿಯ ಮುಂದೆ ಕೂತವರು ನಮ್ಮತ್ತೆ ಬಸಮ್ಮ. ಊರಿಗೆಲ್ಲ ಅವರು ಪುರಿ ಬಸಮ್ಮ. ಹಣೆಯ ಮೇಲೆ ವಿಭೂತಿ, ಮೊಣಕೈತನಕ ಮಸಿ, ಬಾಯಿ ಮಾತ್ರ ಬಾಣಲೆಯ ಮರಳಿನಷ್ಟೇ ಬಿಸಿ. ಹೊಸ ಸೊಸೆ ನಾನು ಅವರಿಗೆ ಹೆದರುತ್ತಿದ್ದೆ. ಆದರೆ ಮೊದಲ ತುತ್ತು ನನ್ನ ತಟ್ಟೆಗೆ ಹಾಕದೆ ಅವರು ಉಂಡಿದ್ದನ್ನು ನಾನು ಕಾಣೆ.

ಭತ್ತಕ್ಕೆ ಕಂಟ್ರೋಲು ಬಂತು. ಉಣ್ಣುವ ಅಕ್ಕಿಯನ್ನೇ ಅಳೆದು ಕೊಡುವ ದಿನಗಳಲ್ಲಿ ಪುರಿ ಹುರಿಯಲು ಭತ್ತ ಕೊಡುವವರು ಯಾರು? ಭಟ್ಟಿ ವಾರಕ್ಕೊಮ್ಮೆ ಉರಿದರೆ ಹೆಚ್ಚಾಯಿತು. ನಮ್ಮ ಯಜಮಾನರು ಪಕ್ಕದ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿಕೊಂಡರು. ಮಂಡಿಯ ಸಾಹುಕಾರ ಮರಿಯಪ್ಪ ಊರಿನ ಪುರಸಭೆಯ ಸದಸ್ಯನೂ ಆಗಿದ್ದ. ನಮ್ಮ ಮನೆಗೂ ಅವನ ಮಂಡಿಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಈಚೆಗಿನ ನಮ್ಮ ಜಾಗದ ಮೇಲೆ ಅವನ ಕಣ್ಣು ಬಹಳ ದಿನದಿಂದ ಇತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ದೀಪಾವಳಿ ಕಳೆದ ಮೇಲೆ ಪುರಸಭೆಯವರು ಬೀದಿಯ ಮನೆಗಳಿಗೆಲ್ಲ ಹೊಸ ಕಂದಾಯ ಗೊತ್ತುಮಾಡಿದರು. ಅದನ್ನು ವಸೂಲು ಮಾಡುವ ಬಿಲ್ ಕಲೆಕ್ಟರ್ ನಂಜಪ್ಪ ಬಂದು ಅತ್ತೆಯ ಕೈಗೆ ಎರಡು ಚೀಟಿ ಇಟ್ಟ.

"ಒಂದೇ ಮನೆ ಕಣಪ್ಪಾ, ಎಲ್ಡು ಚೀಟಿ ಯಾಕೆ?" ಅಂದರು ಅತ್ತೆ.

"ಒಂದು ಕಟ್ಟಡಕ್ಕೆ ಬಸಮ್ನೋರೆ, ಇನ್ನೊಂದು ಅದ್ರ ಕೆಳಗಿರೋ ನೆಲಕ್ಕೆ."

"ಕಟ್ಟಡದ್ದ ಎಂಗೆ ಲೆಕ್ಕ ಆಕಿದ್ರು?"

"ಈ ಮನೇನ ಬಾಡ್ಗೆಗೆ ಕೊಟ್ರೆ ಏಟು ಬತ್ತದೆ ಅಂತ ಅಂದಾಜು ಮಾಡವ್ರೆ."

ಅತ್ತೆ ಚೀಟಿಗಳನ್ನು ಮಡಿಲಲ್ಲಿ ಹಾಕಿಕೊಂಡು ಅವನನ್ನೇ ನೋಡಿದರು. "ಬಾಡ್ಗೆಗೆ ಬಂದೋನು ಜಂತೆ ಹಿಡ್ಕೊಂಡು ಜೋತಾಡ್ತಾ ಇರ್ತಾನಾ ನಂಜಪ್ಪ? ನೆಲ ತುಳೀದೆ ಬಾಳಾಟ ಮಾಡ್ತಾನಾ? ಬಾಡ್ಗೆ ಅಂದ್ಮೇಲೆ ನೆಲಾನೂ ಅದ್ರಲ್ಲೇ ಬತ್ತು. ಮತ್ತೆ ನೆಲಕ್ಕೆ ಬ್ಯಾರೆ ಅಂದ್ರೆ, ಇದೇನು ಕೋಳಿಗೊಂದು ಕಾಸು, ಕೋಳಿ ಕಾಲಿಗೊಂದು ಕಾಸಾ?"

"ನಂಗೇನ್ ಗೊತ್ತಮ್ಮ, ಕೊಟ್ಟಿದ್ದ ಅಂಚೋನು ನಾನು," ಎಂದು ನಂಜಪ್ಪ ಮುಂದಿನ ಮನೆಗೆ ಹೋದ.

ಬೀದಿಯವರೆಲ್ಲ ಗೊಣಗಿದರು. ಗೊಣಗಿ, ಒಳಗೆ ಹೋಗಿ, ಡಬ್ಬಿ ತೆಗೆದು ಕಟ್ಟಿದರು. ಅತ್ತೆ ಕಟ್ಟಲಿಲ್ಲ. ಅವರನ್ನು ಹೆಚ್ಚು ಕೆರಳಿಸಿದ್ದು ಪಕ್ಕದ ಮಂಡಿಯ ಸಂಗತಿ. ಕಲ್ಲು ಚಪ್ಪಡಿಯ ನೆಲ, ತಗಡಿನ ಮಾಡು, ಎತ್ತಿನ ಗಾಡಿ ಒಳಗೇ ತಿರುಗುವಷ್ಟು ಅಗಲ. ಅಂಥ ಮಂಡಿ ಪುರಸಭೆಯ ಪುಸ್ತಕದಲ್ಲಿ ದನದ ಕೊಟ್ಟಿಗೆ ಎಂದು ದಾಖಲಾಗಿತ್ತು. ಕೊಟ್ಟಿಗೆಗೆ ಕಂದಾಯ ನಾಮಮಾತ್ರ. ಇದನ್ನು ನಮಗೆ ಹೇಳಿದವರು ಅಲ್ಲೇ ಗುಮಾಸ್ತೆಯಾಗಿದ್ದ ನಮ್ಮ ಯಜಮಾನರು, ಅದೂ ತಲೆ ತಗ್ಗಿಸಿಕೊಂಡು. ಆ ಕೊಟ್ಟಿಗೆಯಲ್ಲಿ ನಾನು ಒಂದು ದಿನವೂ ದನದ ಮುಖ ಕಂಡವಳಲ್ಲ.

ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಪುರಸಭೆಯ ಕಚೇರಿಗೆ ಹೋದರು. ಒಳಗೆ ಸದಸ್ಯರು ನಾಲ್ಕಾರು ಜನ ಕೂತಿದ್ದರು, ಮರಿಯಪ್ಪನೂ ಇದ್ದ. ಅತ್ತೆಯ ಮಾತನ್ನು ಪೂರ್ತಿ ಕೇಳುವ ಮೊದಲೇ ಒಬ್ಬರು, "ಮೊದ್ಲು ಕಟ್ಟಮ್ಮ, ಆಮ್ಯಾಕೆ ತಕರಾರು ಏಳು," ಅಂದರು. ಮರಿಯಪ್ಪ ಎಲೆಅಡಿಕೆ ಜಗಿಯುತ್ತ, "ಬಸಕ್ಕ, ಕಷ್ಟ ಆದ್ರೆ ಜಾಗ ನಂಗೇ ಕೊಟ್ಬುಡು. ಒಳ್ಳೇ ಬೆಲೆ ಕೊಡ್ತೀನಿ. ಇಳೀ ವಯಸ್ಸಲ್ಲಿ ನಿಂಗ್ಯಾಕೆ ಈ ತಲೆನೋವು?" ಅಂದ.

"ನಿನ್ ಕೊಟ್ಟಿಗೇಲಿ ಕಟ್ಟಿರೋ ಹಸ ಕರ ಹಾಕ್ಲಿ ಮರಿಯಪ್ಪ, ಗಿಣ್ಣು ತಿನ್ನಾಕೆ ಬತ್ತೀನಿ. ಆಗ ಮಾತಾಡನ," ಅಂದು ಅತ್ತೆ ಎದ್ದು ಬಂದರು. ಹಿಂದಿನಿಂದ ಯಾರೋ ನಕ್ಕರು. ಮರಿಯಪ್ಪ ನಗಲಿಲ್ಲ.

ಸಂಕ್ರಾಂತಿ ಆದ ಮೇಲೆ ಜಪ್ತಿ ಬಂತು. ನಟ್ಟನಡು ಹಗಲು, ಬೀದಿಯೆಲ್ಲ ನೋಡುತ್ತಿರುವಾಗ, ಇಬ್ಬರು ಜವಾನರು ಒಳಗೆ ನುಗ್ಗಿ ಬಚ್ಚಲಿನ ತಾಮ್ರದ ಹಂಡೆಯನ್ನು ಹೊತ್ತು ತಂದರು. ಅದು ನಾನು ತವರಿನಿಂದ ತಂದಿದ್ದು. ಅದಕ್ಕೂ ನಾನು ಅಳಲಿಲ್ಲ. ಆಮೇಲೆ ಅವರು ಭಟ್ಟಿಯ ಮೇಲಿನ ಕಬ್ಬಿಣದ ಬಾಣಲೆಗೆ ಕೈ ಹಾಕಿದರು.

"ಅದು ನಮ್ಮ ಕಸುಬಿನದು ಕಣ್ರಪ್ಪಾ," ಅಂದರು ಅತ್ತೆ. ಅವರ ದನಿ ಅಷ್ಟು ಸಣ್ಣಗೆ ಇಳಿದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಅದೊಂದ ಬುಟ್ಟು ಬ್ಯಾರೆ ಏನಾದ್ರೂ ತಕ್ಕೊಂಡೋಗಿ."

ಅವರು ಬಿಡಲಿಲ್ಲ. ಬಾಣಲೆಯಲ್ಲಿದ್ದ ಮರಳನ್ನು ಬಾಗಿಲ ಮುಂದೆಯೇ ಸುರಿದು, ಬಾಣಲೆಯನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ನಡೆದರು. ಎಷ್ಟೋ ವರ್ಷ ಕಾದು ಕಾದು ಕಪ್ಪಗಾದ ಆ ಮರಳು ಬೀದಿಯಲ್ಲಿ ಚೆಲ್ಲಿತ್ತು. ಜನ ಅದನ್ನು ತುಳಿದುಕೊಂಡು ಓಡಾಡಿದರು. ಕಂದಾಯ ವಸೂಲಿಗೆ ಅನ್ನದ ಪಾತ್ರೆ ಕಿತ್ತುಕೊಳ್ಳಬಹುದು ಎಂದು ಯಾವ ಧರ್ಮದಲ್ಲಿ ಬರೆದಿದೆಯೋ ನನಗೆ ಇವತ್ತಿಗೂ ತಿಳಿಯದು.

ಹರಾಜಿನಲ್ಲಿ ಬಾಣಲೆ, ಹಂಡೆ ಎರಡೂ ಹೋದವು. ಕಟ್ಟಡದ ಬಾಕಿ ಅದರಿಂದ ತೀರಿತಂತೆ. ನೆಲದ ಬಾಕಿ ಹಾಗೇ ಉಳಿಯಿತಂತೆ. ನಂಜಪ್ಪ ಬಂದು ಹೀಗೆಂದು ಹೇಳಿದಾಗ ಅತ್ತೆ ತಲೆಯೆತ್ತಿ ಮೇಲಿನ ಹೆಂಚು, ಜಂತೆಗಳನ್ನು ಒಂದೊಂದಾಗಿ ನೋಡಿದರು. ಆ ನೋಟಕ್ಕೆ ನಾನು ಹೆದರಬೇಕಿತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಳ್ಳಿಮೈಸೂರಿನಿಂದ ಅತ್ತೆಯ ತಮ್ಮ ಪುಟ್ಟಪ್ಪ ಎರಡು ಗಾಡಿ ಕಟ್ಟಿಕೊಂಡು ಬಂದರು. ಅವರೊಂದಿಗೆ ನಾಲ್ಕು ಆಳುಗಳೂ ಇದ್ದರು. ಏನು ಎತ್ತ ಎಂದು ನಾವು ಕೇಳುವ ಮೊದಲೇ ಆಳುಗಳು ಮಾಡು ಹತ್ತಿ ಹೆಂಚು ಇಳಿಸತೊಡಗಿದರು.

ಯಜಮಾನರು ಮಂಡಿಯಿಂದ ಓಡಿ ಬಂದರು. "ಅವ್ವ, ಏನವ್ವ ಇದು? ನಿಂಗೇನ್ ತಲೆಗಿಲೆ ಕೆಟ್ಟದಾ?"

"ಕಟ್ಟಡಕ್ಕೆ ಕಂದಾಯ ತಾನೇ? ಕಟ್ಟಡವೇ ಇರಕೂಡ್ದು. ಈಗ ಯಾವುದ್ಕೆ ಆಕ್ತಾರೋ ನೋಡ್ತೀನಿ."

"ಅಪ್ಪ ಕಟ್ಟಿದ್ದು ಕಣವ್ವ!"

"ಅದ್ಕೇ ನಾನೇ ಕೆಡುವ್ತಾ ಇರೋದು. ಅವ್ರ ಕೈಗೆ ಕೊಡಾಕಿಲ್ಲ."

ಸಂಜೆಯ ಹೊತ್ತಿಗೆ ಹೆಂಚು, ಜಂತೆ, ಬಾಗಿಲು, ಕಂಬ ಎಲ್ಲ ಗಾಡಿಯಲ್ಲಿದ್ದವು. ಹಳ್ಳಿಮೈಸೂರಿನವರೇ ಒಬ್ಬರು ಅವನ್ನು ಕೊಳ್ಳುವುದೆಂದು ಮಾತಾಗಿತ್ತು. ಸೂರಿಲ್ಲದ ಗೋಡೆಗಳು ಮಾತ್ರ ನಿಂತಿದ್ದವು. ಯಜಮಾನರು ಅಡುಗೆಮನೆಯಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. "ಮನೆ ಕೆಡವಿ ಯಾರ್ನ ಗೆದ್ದೆ ಅವ್ವ?" ಎಂದು ಕೇಳಿದರು. ನನಗೂ ಅಂದು ಅತ್ತೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಸಿಟ್ಟನ್ನು ತೋರಿಸಬೇಕಾದವರ ಮೇಲೆ ತೋರಿಸಲಾಗದೆ ತಮ್ಮ ಸೂರಿನ ಮೇಲೆ ತೀರಿಸಿಕೊಂಡರು ಅನ್ನಿಸಿತು. ಇವತ್ತು ಹಾಗೆ ಅನ್ನಿಸುವುದಿಲ್ಲ. ಬಡವರ ಕೈಗೆ ಸಿಗುವುದು ಅವರದೇ ಮನೆ ತಾನೇ?

ಎದುರು ಮನೆಯವರು ತಮ್ಮ ಹಿತ್ತಲಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಅಲ್ಲಿಗೇ ಇನ್ನೊಂದು ನೋಟೀಸು ಬಂತು. ಅನುಮತಿಯಿಲ್ಲದೆ ಕಟ್ಟಡ ಕೆಡವಿದ್ದಕ್ಕೆ ದಂಡ. ನೆಲ ಇದ್ದಲ್ಲೇ ಇರುವುದರಿಂದ ಅದರ ಕಂದಾಯ ಎಂದಿನಂತೆ. ಯಜಮಾನರು ಅದನ್ನು ಓದಿ ಹೇಳುತ್ತಿದ್ದಂತೆ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಟ್ಟಿದರೆ ಕಂದಾಯ, ಕೆಡವಿದರೆ ದಂಡ!

ಅತ್ತೆ ನನ್ನನ್ನು ಕರೆದುಕೊಂಡು ಹಾಸನಕ್ಕೆ ಹೊರಟರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದೆ ಕಟ್ಟಿದ ಒಲೆಯ ಮಸಿಯೆಲ್ಲ ನಮ್ಮ ಸೀರೆಗೆ. ದಿಬ್ಬ ಬಂದಾಗ ಇಳಿದು ತಳ್ಳಿದ ಗಂಡಸರ ಜೊತೆ ಅತ್ತೆಯೂ ಸೆರಗು ಸಿಕ್ಕಿಸಿ ತಳ್ಳಿದರು. ಹಾಸನದ ಕಚೇರಿಯಲ್ಲಿ, ಪುರಸಭೆಗಳನ್ನು ವಿಚಾರಿಸುವ ಜಿಲ್ಲೆಯ ಸಾಹೇಬರು ಕ್ಯಾಂಪಿಗೆ ಹೋಗಿದ್ದರು. ಮಗನ ಕೈಯಲ್ಲಿ ಬರೆಸಿ ತಂದಿದ್ದ ಅರ್ಜಿಯನ್ನು ಗುಮಾಸ್ತರು ತೆಗೆದುಕೊಂಡು, ನಮ್ಮ ಊರಿಗೆ ತನಿಖೆಗೆ ಬಂದಾಗ ನೋಡುತ್ತಾರೆ ಎಂದರು. ಬರಿಗೈಯಲ್ಲಿ ಹಿಂತಿರುಗಿದೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಮೊದಲ ಮಳೆಯ ಉಳುಮೆ ನಡೆದಿತ್ತು. ಅತ್ತೆ ಕಿಟಕಿಗೆ ಮುಖ ಕೊಟ್ಟು ಅದನ್ನೇ ನೋಡುತ್ತಿದ್ದರು.

"ಗೌರಿ, ಒಲಕ್ಕೆ ಯಾರು ಕಂದಾಯ ಆಕ್ತಾರೆ?" ಎಂದು ನನ್ನನ್ನು ಕೇಳಿದರು.

"ಸರ್ಕಾರದೋರು. ಶಾನುಭೋಗ್ರು ಬತ್ತಾರಲ್ಲ, ಅವ್ರು."

"ಮುನಸಪಾಲ್ಟಿಯೋರಲ್ಲ ತಾನೆ?"

ಮನೆಯ ನೆಲವನ್ನೇ ಹೊಲ ಮಾಡುವ ಲೆಕ್ಕ ಅವರ ತಲೆಯಲ್ಲಿ ಓಡುತ್ತಿದೆ ಎಂದು ನನಗೆ ಆಗಲೇ ಹೊಳೆಯಿತು.

ಗೋಡೆಗಳನ್ನು ನಾವೇ ಕೆಡವಿದೆವು, ಅತ್ತೆ ಮತ್ತು ನಾನು. ಮಳೆ ನೆನೆಸಿ ಕೊಟ್ಟಿತ್ತು. ಗುದ್ದಲಿ ತಾಕಿಸಿದರೆ ಸಾಕು, ಕುಸಿಯುತ್ತಿತ್ತು. ಆ ಮಣ್ಣನ್ನೆಲ್ಲ ಅಲ್ಲೇ ಹರಡಿದೆವು. ಪುಟ್ಟಪ್ಪನವರು ಎತ್ತು, ನೇಗಿಲು ತಂದರು. ಪೇಟೆ ಬೀದಿಯ ನಡುವೆ, ಒಂದು ಕಡೆ ಬಟ್ಟೆ ಅಂಗಡಿ, ಇನ್ನೊಂದು ಕಡೆ ಮಂಡಿ, ಎತ್ತುಗಳು ಗಾಬರಿಯಿಂದ ಕಿವಿ ನಿಮಿರಿಸಿ ನಿಂತವು.

"ಅಕ್ಕಯ್ಯ, ಎತ್ತುಗಳೇ ನಾಚ್ಕೋತಾ ಅವೆ ಕಣವ್ವ," ಅಂದರು ಪುಟ್ಟಪ್ಪ.

"ಅವುಕ್ಕಾದ್ರೂ ನಾಚ್ಕೆ ಅದಲ್ಲ. ನೇಗ್ಲು ಒಡಿ ನೀನು."

ರಾಗಿ ಬಿತ್ತಿದೆವು, ನಡುನಡುವೆ ಅವರೆ ಸಾಲು. ಊರಿನವರು ಬಂದು ಬಂದು ನೋಡಿ ನಕ್ಕರು. ನಗುವವರು ನಗಲಿ ಎಂದು ಅತ್ತೆ ದಿನಾ ಕಳೆ ಕಿತ್ತರು. ಹಳೆಮನೆಯ ಗೋಡೆಮಣ್ಣು ಅಂದರೆ ಗೊಬ್ಬರವೇ. ಹೊಲದಲ್ಲೂ ಅಂಥ ಪೈರನ್ನು ನಾನು ಕಂಡಿರಲಿಲ್ಲ. ಮಹಾನವಮಿಯ ಹೊತ್ತಿಗೆ ಮೊಣಕಾಲು ಮೀರಿ ಬೆಳೆದು, ಕಡುಹಸಿರಾಗಿ, ಗಾಳಿ ಬಂದಾಗ ಬೀದಿಯ ಕಡೆಗೆ ಬಾಗುತ್ತಿತ್ತು. ನಕ್ಕವರು ಈಗ ನಿಂತು ನೋಡುತ್ತಿದ್ದರು.

ಮರಿಯಪ್ಪ ಯಜಮಾನರನ್ನು ಕರೆಸಿ, "ನಿಮ್ಮವ್ವ ಜಾಗ ಕೊಟ್ರೆ ಕೆಲ್ಸ, ಇಲ್ದಿದ್ರೆ ನಾಳೆಯಿಂದ ಬರ್ಬ್ಯಾಡ," ಅಂದ. ಅವ್ವನ ಮುಂದೆ ಅಷ್ಟೊಂದು ಅತ್ತಿದ್ದ ಅದೇ ಯಜಮಾನರು ಹೆಗಲ ಮೇಲಿನ ವಸ್ತ್ರ ಕೊಡವಿ, "ನಾಳೆಯಿಂದ ಯಾಕೆ, ಇವತ್ತಿಂದ್ಲೇ," ಎಂದು ಮನೆಗೆ ಬಂದರು. ಆವತ್ತು ನಮಗೆ ಒಲೆ ಹತ್ತಿಸಲು ಸೌದೆಯೂ ಇರಲಿಲ್ಲ. ಆದರೂ ನನ್ನ ಗಂಡನ ಮುಖವನ್ನು ನಾನು ಮೊದಲ ಸಲ ಹೆಮ್ಮೆಯಿಂದ ನೋಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ಪುರಸಭೆಯ ಜವಾನರು ಕುಡುಗೋಲು ಹಿಡಿದು ಬಂದರು. ಪೇಟೆಯೊಳಗೆ ಬೆಳೆ ಬೆಳೆಯಕೂಡದಂತೆ, ಕೊಯ್ದು ಹಾಕಬೇಕಂತೆ. ತೆನೆ ಆಗಷ್ಟೇ ಹಾಲು ತುಂಬುತ್ತಿತ್ತು. ಅತ್ತೆ ಪೈರಿನ ನಡುವೆ ಹೋಗಿ ಕೂತುಬಿಟ್ಟರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಬೀದಿಗೆ ನಮ್ಮ ತಲೆ ಮಾತ್ರ ಕಾಣುತ್ತಿತ್ತು.

"ಕೊಯ್ರಪ್ಪಾ," ಅಂದರು ಅತ್ತೆ. "ಮೊದ್ಲು ನನ್ನಿಂದ ಸುರು ಮಾಡಿ."

ಅವರೂ ಹೊಲಗದ್ದೆಯ ಮಕ್ಕಳೇ. ಹಾಲುದೆನೆಗೆ ಕುಡುಗೋಲು ಹಾಕಲು ಅವರ ಕೈ ಏಳಲಿಲ್ಲ. ಹಿರಿಯವನೊಬ್ಬ, "ಮುನಸಪಾಲ್ಟಿ ಸಾಯೇಬ್ರಿಗೆ ಏಳ್ತೀವಿ, ಆಗಾಕಿಲ್ಲ ಅಂತ," ಎಂದು ಗೊಣಗಿ ಹಿಂದಕ್ಕೆ ಹೋದ.

ಹಾಸನದ ಸಾಹೇಬರು ಕಡೆಗೂ ತನಿಖೆಗೆ ಬಂದಾಗ ರಾಗಿ ಬಲಿತಿತ್ತು. ತಲೆಗೆ ಮೈಸೂರು ಪೇಟ, ಕೋಟು, ಸಣ್ಣ ಮನುಷ್ಯ. ಅವರ ಹಿಂದೆ ಪುರಸಭೆಯ ಸದಸ್ಯರ ದಂಡು, ಮುಂದೆಯೇ ಮರಿಯಪ್ಪ. ಬೀದಿಯಲ್ಲಿ ನಡೆದು ಬರುತ್ತಿದ್ದ ಸಾಹೇಬರು ನಮ್ಮ ಹೊಲದ ಮುಂದೆ ತಟ್ಟನೆ ನಿಂತರು.

"ಇದೇನು, ಪೇಟೆ ಬೀದಿಯಲ್ಲಿ ರಾಗಿ?"

"ನನ್ ಮನೆ ಸಾ ಅದು," ಅಂದರು ಅತ್ತೆ. "ಮನೆ ಇದ್ದಾಗ ಮನೆಗೊಂದು, ಅದ್ರ ಕೆಳಗಿರೋ ನೆಲಕ್ಕೊಂದು ಅಂತ ಎಲ್ಡು ಕಂದಾಯ ಕೇಳಿದ್ರು. ನನ್ ಬಾಣ್ಲಿ ಒತ್ಕೊಂಡೋದ್ರು. ಮನೆ ತೆಗ್ದೆ, ದಂಡ ಆಕಿದ್ರು. ಈಗ ರಾಗಿ ಬೆಳ್ದಿವ್ನಿ. ಇದ್ಕೆ ಏನ್ ಆಕ್ತಾರೋ ನೀವೇ ಏಳ್ಬೇಕು ಸಾ."

ಸಾಹೇಬರು ನಮ್ಮ ಅರ್ಜಿಯನ್ನು ಓದಿದ್ದರು ಅಂತ ಕಾಣುತ್ತದೆ. ಬೇರೇನೂ ಕೇಳದೆ ಪಕ್ಕದ ಮಂಡಿಯೊಳಗೆ ನಡೆದರು. ಕೊಬ್ಬರಿ ಮೂಟೆಗಳ ಮಧ್ಯೆ ನಿಂತು ಸುತ್ತಲೂ ನೋಡಿ, "ದನ ಎಲ್ಲಿವೆ?" ಅಂದರು. ಮರಿಯಪ್ಪ, ಮೇಯಲು ಹೋಗಿವೆ ಎಂದನಂತೆ. ಹೊರಗೆ ನಿಂತ ಬೀದಿಗೆ ಬೀದಿಯೇ ಗೊಳ್ಳೆಂದಿತು. ಸಾಹೇಬರು ಮಾತ್ರ ನಗದೆ, "ಬಾಡಿಗೆಯ ಅಂದಾಜಿನಲ್ಲೇ ನೆಲ ಸೇರಿರುತ್ತದೆ. ಮತ್ತೆ ಬೇರೆ ಹಾಕಿದ್ದು ಯಾವ ನ್ಯಾಯದಲ್ಲಿ?" ಎಂದು ಪುರಸಭೆಯವರನ್ನು ಕೇಳಿದರು.

ರಾಗಿ ಕೊಯ್ದು, ಕೂಳೆ ಮಾತ್ರ ಉಳಿದಿದ್ದಾಗ ಹುಕುಂ ಬಂತು. ನಂಜಪ್ಪನೇ ಬೀದಿಯಲ್ಲಿ ನಿಂತು ಓದಿದ. ಕಟ್ಟಡದ ಕೆಳಗಿನ ನೆಲಕ್ಕೆ ಹಾಕಿದ್ದ ಬೇರೆ ಕಂದಾಯ ರದ್ದು, ಕಟ್ಟಿದವರಿಗೆ ವಾಪಸು. ಮಂಡಿಯನ್ನು ಕೊಟ್ಟಿಗೆಯ ಲೆಕ್ಕದಿಂದ ತೆಗೆದು ಕಟ್ಟಡದ ಲೆಕ್ಕಕ್ಕೆ ಸೇರಿಸಬೇಕು. ಜನ ಹೋ ಎಂದರು. ಬಟ್ಟೆ ಅಂಗಡಿಯವರು ಬೆಲ್ಲ ಹಂಚಿದರು.

ಕೂಳೆಯ ನಡುವೆ ನಿಂತಿದ್ದ ಅತ್ತೆ ಕೇಳಿದರು: "ನಂದು?"

ನಂಜಪ್ಪ ಕಾಗದ ಮಡಿಸಿದ. "ಬಸಮ್ನೋರೆ... ಇದು ಕಟ್ಟಡ ಇರೋರ್ಗೆ. ನಿಮ್ದು ಬರೀ ಖಾಲಿ ಜಾಗ ಅಲ್ವಾ? ಖಾಲಿ ಜಾಗಕ್ಕೆ ಮೊದ್ಲಿನಂಗೇ ಅಂತ ಬರ್ದವ್ರೆ. ಬೆಳೆ ಬೆಳೆದ್ರೂ ಪ್ಯಾಟೆ ಒಳ್ಗಡೆ ಖಾಲಿ ಜಾಗವೇ ಅಂತೆ."

ಅತ್ತೆ ಕೂಳೆಯ ಮೇಲೇ ಕೂತರು. ಇಷ್ಟು ದಿನ ಬಗ್ಗದ ಬೆನ್ನು ಅಲ್ಲಿ ಬಗ್ಗಿತು. ಜನ ಒಬ್ಬೊಬ್ಬರೇ ಬೆಲ್ಲ ಬಾಯಿಗೆ ಹಾಕಿಕೊಂಡು ಜಾರಿಕೊಳ್ಳತೊಡಗಿದರು. ಅವಸರದ ಬುದ್ಧಿ, ಮನೆ ಕೆಡವಬಾರದಿತ್ತು, ಎಂದು ಒಬ್ಬ ಅಂದದ್ದು ನನ್ನ ಕಿವಿಗೆ ಬಿತ್ತು.

ಆ ಊರಿಗೆ ಬಂದಂದಿನಿಂದ ಬೀದಿಯಲ್ಲಿ ನನ್ನ ದನಿ ಯಾರೂ ಕೇಳಿರಲಿಲ್ಲ. ಆಗ ಕೇಳಿದರು.

"ನಿಲ್ರಿ!" ಅಂದೆ. "ನಿಮ್ ಕಂದಾಯ ತಪ್ಪಿದ್ದು ನಮ್ ಮನೆ ಬಿದ್ದದ್ದಕ್ಕೆ. ಬೆಲ್ಲ ನಿಮ್ಗೆ, ಕೂಳೆ ನಮ್ಗಾ? ಕಟ್ಟಡ ಇರೋರಿಗೇ ನ್ಯಾಯ ಅಂದ್ರೆ ಬನ್ನಿ, ನಮ್ದೂ ಒಂದು ಕಟ್ಟಡ ಮಾಡ್ಕೊಡಿ. ಒಬ್ಬೊಬ್ರು ಒಂದೊಂದು ಕಂಬ ತಂದು ಇಲ್ಲಿ ನಿಲ್ಸಿ. ಆಮೇಲೆ ಬಾಯಿ ಸಿಹಿ ಮಾಡ್ಕೊಳಿ!"

ಅತ್ತೆ ತಲೆಯೆತ್ತಿ ನನ್ನನ್ನು ಯಾರೋ ಹೊಸಬಳೆಂಬಂತೆ ನೋಡಿದರು.

ಎಲ್ಲರೂ ಬರಲಿಲ್ಲ. ಬಾಗಿಲು ಹಾಕಿಕೊಂಡವರು ಹಾಕಿಕೊಂಡರು, ಅವರ ಮನೆಗಳು ನನಗೆ ಇನ್ನೂ ಗೊತ್ತು. ಆದರೆ ಮರುದಿನ ಎದುರು ಮನೆಯವರು ಒಂದು ಹಲಸಿನ ಕಂಬ ತಂದರು. ಬಟ್ಟೆ ಅಂಗಡಿಯವರಿಂದ ಒಂದು ಜೊತೆ ಬಾಗಿಲು ಬಂತು. ಕುಡುಗೋಲು ಹಿಡಿದು ಬಂದಿದ್ದ ಆ ಹಿರಿಯ ಜವಾನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮಣ್ಣು ತುಳಿದ. ಪುಟ್ಟಪ್ಪನವರು ಜಂತೆಗೆ ಬಿದಿರು, ಮಾಡಿಗೆ ಹುಲ್ಲು ತಂದರು. ಗೋಡೆ ಇಡುವ ಕೆಲಸವನ್ನು ಯಜಮಾನರು ಬೇರೆಯವರಿಗೆ ಬಿಡಲಿಲ್ಲ. ಎರಡೇ ಅಂಕಣದ ಮನೆ, ಒಂದು ಕಂಬದಂತೆ ಇನ್ನೊಂದಿಲ್ಲ.

ಸೂರು ಏರುವ ಹಿಂದಿನ ದಿನ ಮಂಡಿಯ ಆಳುಗಳು ಗಾಡಿಯಲ್ಲಿ ಒಂದು ಕಂಬ ತಂದು ಇಳಿಸಿದರು. ಹೊನ್ನೆಯದು, ಎರಡು ಕೈಯಲ್ಲಿ ತಬ್ಬುವಷ್ಟು ದಪ್ಪ, ಬುಡದಲ್ಲಿ ಕಮಲದ ಕೆತ್ತನೆ. ಮರಿಯಪ್ಪ ಕಳಿಸಿದ್ದಾನೆ, ಹಳೆಯದನ್ನೆಲ್ಲ ಮರೆಯಬೇಕಂತೆ ಎಂದರು. ನಮ್ಮಲ್ಲಿ ಒಂದು ಮೂಲೆಗೆ ಕಂಬ ಇನ್ನೂ ಸಿಕ್ಕಿರಲಿಲ್ಲ. ಯಜಮಾನರು ಅದರ ಮೇಲೆ ಕೈಯಾಡಿಸಿ ಅತ್ತೆಯ ಮುಖ ನೋಡಿದರು.

ಅತ್ತೆ ಕೈಯ ಮಣ್ಣು ಒರೆಸಿಕೊಂಡು ಬಂದು ಕಂಬವನ್ನು ಸುತ್ತಿ ನೋಡಿದರು. "ಚೆಂದಾಗದೆ," ಅಂದರು. ಆಮೇಲೆ ಆಳುಗಳ ಕಡೆ ತಿರುಗಿ, "ಎತ್ರಪ್ಪಾ, ವಾಪಸ್ ತಕ್ಕೊಂಡೋಗಿ. ಇವತ್ತು ಅವ್ನ ಕಂಬ ನಿಲ್ಸಿದ್ರೆ, ನಾಳೆ ಅದ್ರ ಕೆಳಗಿರೋ ನೆಲಾನೂ ನಂದೇ ಅಂತಾನೆ," ಅಂದರು.

ಗಾಡಿ ತಿರುಗಿತು. ಆ ಮೂಲೆಗೆ ನಾವು ಹಸಿ ಇಟ್ಟಿಗೆಯ ಕಂಬ ಕಟ್ಟಿದೆವು.